ಉ|| ಕು|| ಸಾಂಪ್ರತ

ಈಗಿನ ಹುಡುಗರಿಗೆ ಕಾಗದ ಬರೆಯಲು ಬಾರದು ಎಂದು ಹಿರಿಯರು ಬೈಯುವುದುಂಟು. ಬೈಯಲಿ ಬಿಡಿ. ಅವರಾದರೂ ಏನು ಬರೆಯುತ್ತಿದ್ದರು ನೋಡೋಣವೆಂದು ಈ ರಜೆಯಲ್ಲಿ ಅಟ್ಟದಿಂದ ಅಜ್ಜಿಯ ಕಾಗದದ ತಂತಿ ಇಳಿಸಿದೆ. ಒಣಮೆಣಸಿನಕಾಯಿ ಪೋಣಿಸಿದ ಹಾಗೆ ಇನ್ನೂರರ ಹತ್ತಿರ ಇನ್‌ಲ್ಯಾಂಡುಗಳು. ಎಲ್ಲ ನನ್ನ ಇಬ್ಬರು ಸೋದರತ್ತೆಯರವು. ದೊಡ್ಡಾಕೆಯನ್ನು 1979ರಲ್ಲಿ ನಾಸಿಕ್ ರೋಡಿಗೆ ಕೊಟ್ಟದ್ದು, ಸಣ್ಣಾಕೆಯನ್ನು 1986ರಲ್ಲಿ ಔರಂಗಾಬಾದಿಗೆ. ಆ ಊರಿಗೆ 2023ರಿಂದ ಛತ್ರಪತಿ ಸಂಭಾಜಿನಗರವೆಂದು ಹೆಸರು.

ಪ್ರತಿ ಕಾಗದವೂ 'ಉ|| ಕು|| ಸಾಂಪ್ರತ'ದಿಂದ ಶುರು. ಆಮೇಲೆ ದ್ರಾಕ್ಷಿಯ ದರ, ಗೋದಾವರಿಗೆ ಬಂದ ನೆರೆ, ಕೂಸಿನ ಹಲ್ಲು. ಜ್ವರದ ಸುದ್ದಿ ಬರೆಯುವುದು ಜ್ವರ ಬಿಟ್ಟ ಮೇಲೆಯೇ. ಕಾಗದ ಮುಟ್ಟಲು ಐದಾರು ದಿನ, ಅಷ್ಟು ದಿನ ಹಳೇ ಜ್ವರಕ್ಕೆ ಯಾಕೆ ಹೆದರಿಸಬೇಕು ಎಂಬ ಲೆಕ್ಕ. ಕೆಟ್ಟ ಸುದ್ದಿಗೆ ಟೆಲಿಗ್ರಾಂ ಇತ್ತಲ್ಲ, 2013ರ ಜುಲೈವರೆಗೆ. ತಂತಿ ಬಂತೆಂದರೆ ಓದುವ ಮೊದಲೇ ಅಳು ಶುರುವಂತೆ.

ಒಂದು ತಮಾಷೆ ಕೇಳಿ. ನಾಸಿಕ್ ರೋಡಿನಲ್ಲಿಯೇ ಇಂಡಿಯಾ ಸೆಕ್ಯುರಿಟಿ ಪ್ರೆಸ್ಸು ಇದೆ. 1925ರಲ್ಲಿ ಅದು ಶುರುವಾಗುವ ತನಕ ನಮ್ಮ ಅಂಚೆಚೀಟಿಗಳು ಹೆಚ್ಚಾಗಿ ಲಂಡನ್ನಿನಿಂದ ಬರುತ್ತಿದ್ದವು. ಸ್ವತಂತ್ರ ಭಾರತದ ಮೊದಲ ಚೀಟಿ, 1947ರ ನವೆಂಬರ್ 21ರ ಬಾವುಟದ ಚೀಟಿ, ಅಚ್ಚಾದದ್ದು ಇಲ್ಲಿಯೇ. ನಾಗಪಂಚಮಿಗೆ ಅಜ್ಜಿ ಲಕೋಟೆಯಲ್ಲಿ ಅರಿಷಿಣ ಕುಂಕುಮ ಹಾಕಿ, ಚೀಟಿ ಹಚ್ಚಿ ಕಳಿಸುತ್ತಿದ್ದಳು. ಅಂದರೆ ಅತ್ತೆಯ ಮನೆಯ ಕೂಗಳತೆಯಲ್ಲಿ ಅಚ್ಚಾದ ಚೀಟಿ ನಮ್ಮ ಹಳ್ಳಿಗೆ ಬಂದು, ಅಜ್ಜಿಯ ಎಂಜಲು ಹಚ್ಚಿಸಿಕೊಂಡು, ಮತ್ತೆ ಅದೇ ಓಣಿಗೆ ವಾಪಸು! ಪಾಸ್‌ಪೋರ್ಟು ಅಚ್ಚಾಗುವುದೂ ಆ ಪ್ರೆಸ್ಸಿನಲ್ಲೇ. ಈಗ ಕಾಗದ ಹೋಗುವುದಿಲ್ಲ, ಮನುಷ್ಯರೇ ಹೋಗುತ್ತಾರೆ.

ನಡುವೆ ಎಸ್‌ಟಿಡಿ ಬೂತಿನ ಕಾಲವೊಂದು ಬಂದು ಹೋಯಿತು. ಅಲ್ಲಿ ಮಾತಾಡಿದ್ದಕ್ಕಿಂತ ಮೀಟರಿನ ಕೆಂಪು ಅಂಕಿ ನೋಡಿದ್ದೇ ಹೆಚ್ಚಂತೆ.

ಈಗ ವಾಟ್ಸಾಪಿನಲ್ಲಿ ಅಜ್ಜಿ ಇಬ್ಬರು ಮಕ್ಕಳ ಮುಖವನ್ನೂ ದಿನಾ ನೋಡುತ್ತಾಳೆ. ಸಣ್ಣ ಸುಖವಲ್ಲ ಅದು. ಹಳೆಯದೆಲ್ಲ ಚೆಂದ ಎನ್ನುವವರ ಪೈಕಿ ನಾನಲ್ಲ. ನನಗೆ ತಟ್ಟಿದ್ದು ಬೇರೆ.

ಸಂಭಾಜಿನಗರದ ಅತ್ತೆಯ ಮಗ ವಾಳೂಜಿನ ಕಾರ್ಖಾನೆಯಲ್ಲಿದ್ದಾನೆ. ಮಾತು ಅಪ್ಪಟ ನಮ್ಮೂರದೇ: "ಏನಪಾ, ಊಟಾತೇನು?" ಆದರೆ ಕನ್ನಡ ಓದಲು ಬರುವುದಿಲ್ಲ. ಅವನ ಅಕ್ಕನಿಗೆ ಬರುತ್ತದೆ. ಒಂದೇ ಮನೆ, ಒಂದೇ ಮರಾಠಿ ಶಾಲೆ, ಒಂಬತ್ತು ವರ್ಷದ ಅಂತರ. ಅಕ್ಕ ಸಣ್ಣವಳಿದ್ದಾಗ ಅಜ್ಜಿಯ ಕಾಗದ ಬರುತ್ತಿತ್ತು. ಮೇಲೆ ವಿಳಾಸ ಇಂಗ್ಲಿಷಿನಲ್ಲಿ, ಒಳಗೆ ಕನ್ನಡ. ಅತ್ತೆ ರೊಟ್ಟಿ ಬಡಿಯುತ್ತ "ಓದವಾ" ಎಂದು ಎದುರಿಗೆ ಕೂಡಿಸುತ್ತಿದ್ದಳು. ತಮ್ಮ ಓದುವ ವಯಸ್ಸಿಗೆ ಬರುವಷ್ಟರಲ್ಲಿ ಮನೆಗೆ ಫೋನು ಬಂತು. ನಾನು ಕನ್ನಡದಲ್ಲಿ ಟೈಪು ಮಾಡಿದರೆ "ಆವಾಜ್ ಕಳಸು" ಎನ್ನುತ್ತಾನೆ, ಅದನ್ನೂ ಇಂಗ್ಲಿಷ್ ಅಕ್ಷರದಲ್ಲಿ.

ಆ ಊರಿನ ಹತ್ತಿರವೇ ಎಲ್ಲೋರ. ಅಲ್ಲಿಯ ಕೈಲಾಸ ದೇವಾಲಯ ರಾಷ್ಟ್ರಕೂಟರ ಒಂದನೆಯ ಕೃಷ್ಣನದು, 8ನೆಯ ಶತಮಾನ. ಅದೇ ವಂಶದ ಅಮೋಘವರ್ಷನ ಕಾಲದ ಕವಿರಾಜಮಾರ್ಗ ಕನ್ನಡನಾಡಿನ ಗಡಿ ಗೋದಾವರಿ ಎಂದಿತು. ನವೆಂಬರಿನ ಭಾಷಣಗಳಲ್ಲಿ ಇದಕ್ಕೆ ಚಪ್ಪಾಳೆ ಖಾತ್ರಿ. ಆದರೆ ಆ ಸೀಮೆಯಲ್ಲಿ ಒಬ್ಬ ಹುಡುಗಿಗೆ ಕನ್ನಡ ಓದಲು ಕಲಿಸಿದ್ದು ನೀಲಿ ಇನ್‌ಲ್ಯಾಂಡು.

ಆ ಅಕ್ಕನ ಮಗಳಿಗೆ ಈಗ ಐದು ವರ್ಷ. ಅಜ್ಜಿ ವಿಡಿಯೋ ಕಾಲಿನಲ್ಲಿ ಸ್ಲೇಟು ಹಿಡಿದು ಅವಳಿಗೆ ಅ ಆ ಇ ಈ ತೋರಿಸಲು ಶುರು ಮಾಡಿದ್ದಾಳೆ. ತನ್ನ ಪರದೆಯಲ್ಲಿ ಅಕ್ಷರ ತಿರುಗಾಮುರುಗಾ ಕಾಣುತ್ತದೆಂದು ಅವಳಿಗೆ ಸಿಟ್ಟು. ಆ ಕಡೆ ನೆಟ್ಟಗೇ ಕಾಣುತ್ತದೆ ಅಜ್ಜಿ ಎಂದರೆ ನಂಬಳು. ಬೇಕೆಂದೇ ತಿರುವಿ ಬರೆಯುತ್ತಾಳೆ. ಹುಡುಗಿಯ ನೋಟ್‌ಬುಕ್ಕಿನಲ್ಲಿ 'ಇ' ಇನ್ನೂ ಗೋಡೆಯ ಕಡೆ ಮುಖ ಮಾಡಿಯೇ ಕೂತಿದೆ.