ನೆಟ್ಟವಳು ಯಾರು?

ಮಾವಿನಕಾಯಿ ಬುಟ್ಟಿಯ ಮುಂದೆ ಕುಳಿತ ನಮ್ಮ ಹೆಂಗಸರನ್ನು ಯಾರೂ ಏಮಾರಿಸಲಾರರು. ಮಿಡಿ ಉಪ್ಪಿನಕಾಯಿಗೆ ಅಪ್ಪೆಮಿಡಿಯೇ ಆಗಬೇಕು, ರಸಾಯನಕ್ಕೆ ರಸಪುರಿಯೇ ಚೆನ್ನ. ಸೇಬಿನ ವಿಷಯ ಬಂದರೆ ಮಾತ್ರ ಈ ಜಾಣತನ ಎಲ್ಲಿಗೋ ಓಡಿಹೋಗುತ್ತದೆ. ಕೆಂಪಗಿದೆಯೇ, ಕಿಲೋಗೆ ಎಷ್ಟು, ಇಷ್ಟೇ ನಮ್ಮ ವಿಚಾರಣೆ. ಸೇಬಿನಲ್ಲೂ ತಿನ್ನುವ ಜಾತಿ ಬೇರೆ, ಬೇಯಿಸುವ ಜಾತಿ ಬೇರೆ ಎಂದು ನನಗೆ ತಿಳಿದದ್ದು ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋದಾಗಲೇ.

ಅವಳ ಹಿತ್ತಲಿನಲ್ಲಿ ಒಂದೇ ಒಂದು ಗಿಡಕ್ಕೆ ಜಾಗ. ಅಲ್ಲಿ ಪೈ ಮಾಡಲು ಒದಗುವ ಸೇಬನ್ನೇ ನೆಡಬೇಕೆಂದು ಅವಳ ಆಸೆ. ಪೈ ಎಂದರೆ ನಮ್ಮ ಕಡುಬಿನ ದೂರದ ನೆಂಟ. ಬೆಣ್ಣೆ ಹಾಕಿ ಕಲಸಿದ ಮೈದಾ ಕಣಕವನ್ನು ತಟ್ಟೆಗೆ ಹಾಸಿ, ಹೆಚ್ಚಿದ ಸೇಬು, ಸಕ್ಕರೆ, ಚಕ್ಕೆಪುಡಿಯ ಹೂರಣ ತುಂಬಿ, ಮೇಲೊಂದು ಕಣಕದ ಹೊದಿಕೆ ಹೊದಿಸಿ ಓವನ್ನಿನಲ್ಲಿ ಬೇಯಿಸುತ್ತಾರೆ. ಸಿಹಿ ಸೇಬು ಹಾಕಿದರೆ ಬರೀ ಸಿಹಿ. ಹುಳಿ ಸೇಬಾದರೆ ಸಕ್ಕರೆಗೂ ಒಂದು ಅರ್ಥ ಬರುತ್ತದೆ.

ಕೊನೆಗೆ ಎರಡು ಹೆಸರು ಉಳಿದವು. ಒಂದು ಗ್ರಾನಿ ಸ್ಮಿತ್, ನಮ್ಮ ಪೇಟೆಯಲ್ಲೂ ಸಿಗುವ ಹಸಿರು ಸೇಬು. ಬೆಂದರೂ ಹೋಳು ಹೋಳಾಗಿ ನಿಲ್ಲುತ್ತದೆ. ಆದರೆ ಅದು ಹಣ್ಣಾಗಲು ದೀರ್ಘವಾದ ಬೆಚ್ಚನೆಯ ಬೇಸಿಗೆ ಬೇಕು; ಇಂಗ್ಲೆಂಡಿನ ಬಿಸಿಲಿಗೆ ಅಷ್ಟು ಧಾರಾಳತನವಿಲ್ಲ. ಇನ್ನೊಂದು ಬ್ರಾಮ್ಲಿ. ಹಾಗೇ ಕಚ್ಚಿದರೆ ಕಣ್ಣು ಮುಚ್ಚಿಸುವಷ್ಟು ಹುಳಿ. ಬೆಂದರೆ ಕರಗಿ ಹತ್ತಿಯಂತೆ ಅರಳುತ್ತದೆ, ಹುಳಿ ಮಾತ್ರ ಕಳೆದುಕೊಳ್ಳುವುದಿಲ್ಲ. ಅಲ್ಲಿನ ಅಡುಗೆಯವರ ಮೆಚ್ಚಿನ ಹಣ್ಣು ಅದು.

ಈ ಬ್ರಾಮ್ಲಿಯ ಕಥೆ ಕೇಳಿದ ಮೇಲೆ ನನಗೆ ಅದರ ಹುಳಿಗಿಂತ ಹೆಸರೇ ಹೆಚ್ಚು ಕಾಡಿತು. ನಾಟಿಂಗ್‌ಹ್ಯಾಮ್‌ಶೈರಿನ ಸೌತ್‌ವೆಲ್ ಎಂಬ ಊರಿನಲ್ಲಿ 1809ರಲ್ಲಿ ಮೇರಿ ಆನ್ ಬ್ರೈಲ್ಸ್‌ಫರ್ಡ್ ಎಂಬ ಹುಡುಗಿ ಸೇಬಿನ ಬೀಜ ಊರಿದಳು. ಮದುವೆಯಾಗಿ ಮನೆ ಬಿಟ್ಟಳು. ಗಿಡ ಅಲ್ಲೇ ಬೆಳೆಯಿತು. 1846ರಲ್ಲಿ ಆ ಮನೆಯನ್ನು ಬ್ರಾಮ್ಲಿ ಎಂಬ ಕಟುಕ ಕೊಂಡ. 1856ರಲ್ಲಿ ಮೆರಿವೆದರ್ ಎಂಬ ನರ್ಸರಿಯ ತರುಣ ಕಸಿಗೆ ಕಡ್ಡಿ ಕೇಳಿದಾಗ, ‘ತೆಗೆದುಕೋ, ಆದರೆ ನನ್ನ ಹೆಸರಿಡಬೇಕು’ ಎಂದು ಅವನ ಷರತ್ತು. ಮೇರಿ ಆನ್ 1852ರಲ್ಲೇ ತೀರಿಕೊಂಡಿದ್ದಳು. ತಾನು ಊರಿದ ಬೀಜ ಒಂದು ದೇಶದ ಅಡುಗೆಮನೆ ಸೇರುವುದೆಂದು ಅವಳಿಗೆ ಗೊತ್ತಾಗಲೇ ಇಲ್ಲ.

ಗ್ರಾನಿ ಸ್ಮಿತ್‌ಗಾದರೂ ಹೆಂಗಸಿನ ಹೆಸರಿದೆಯಲ್ಲ ಎನ್ನುವಿರಾ? ಆಸ್ಟ್ರೇಲಿಯಾದ ಮರಿಯಾ ಆನ್ ಸ್ಮಿತ್ 1868ರ ಸುಮಾರಿಗೆ ತನ್ನ ತೋಟದಲ್ಲಿ ಆ ಸಸಿ ಕಂಡು ಬೆಳೆಸಿದಾಕೆ. 1870ರಲ್ಲಿ ತೀರಿಕೊಂಡಳು. ಹಣ್ಣಿಗೆ ಉಳಿದದ್ದು ‘ಅಜ್ಜಿ’ ಎಂಬ ಪದವಿ ಮತ್ತು ಗಂಡನ ಮನೆತನ. ಅವಳದೇ ಆದ ಹೆಸರು ಅಲ್ಲೂ ಬಿಟ್ಟುಹೋಯಿತು!

ನಾವು ಬ್ರಾಮ್ಲಿಯನ್ನೇ ಆರಿಸಿದೆವು. ಅದಕ್ಕೆ ಒಂದು ತಕರಾರಿದೆ. ಸಾಮಾನ್ಯ ಸೇಬಿನಲ್ಲಿ ವರ್ಣತಂತುಗಳ ಎರಡು ಜೊತೆ ಇದ್ದರೆ ಇದರಲ್ಲಿ ಮೂರು. ಹಾಗಾಗಿ ಇದರ ಪರಾಗ ಕೆಲಸಕ್ಕೆ ಬಾರದು. ಕಾಯಿ ಕಚ್ಚಲು ಬೇರೆ ಜಾತಿಯ ಸೇಬು ಹತ್ತಿರದಲ್ಲಿ ಹೂ ಬಿಡಬೇಕು. ಪುಣ್ಯಕ್ಕೆ ಪಕ್ಕದ ಮನೆಯಲ್ಲಿ ಕಾಕ್ಸ್ ಜಾತಿಯ ಮರವಿತ್ತು. ಜೇನುಹುಳುಗಳಿಗೆ ಬೇಲಿಯ ಲೆಕ್ಕವಿಲ್ಲ. ಬ್ರಾಮ್ಲಿ ದೈತ್ಯನಂತೆ ಬೆಳೆಯುವ ಮರವಾದ್ದರಿಂದ ಗಿಡ್ಡ ಬೇರುಗಿಡದ ಮೇಲೆ ಕಸಿ ಕಟ್ಟಿದ್ದನ್ನೇ ತಂದೆವು. ಎಲೆಯುದುರಿದ ಚಳಿಗಾಲದಲ್ಲಿ ನೆಡಬೇಕು, ಕಸಿಯ ಗಂಟು ಮಣ್ಣಿನ ಮೇಲೇ ಉಳಿಯಬೇಕು. ಗಂಟು ಹೂತರೆ ಮೇಲಿನ ಕೊಂಬೆಯೇ ಬೇರು ಬಿಟ್ಟು ಮತ್ತೆ ದೈತ್ಯನಾದೀತು. ನಮ್ಮ ಕಸಿ ಮಾವನ್ನು ನೆಟ್ಟವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಗುಂಡಿ ತೋಡುವಾಗ ಮಗಳು ಕೇಳಿದಳು: ‘ಅಮ್ಮ, ಇದು ಫಲ ಕೊಡಲು ಮೂರು ನಾಲ್ಕು ವರ್ಷ. ಅಷ್ಟರಲ್ಲಿ ಇವರಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿದರೆ? ಯಾರಿಗಾಗಿ ಇಷ್ಟು ಕಷ್ಟ?’

ನನಗೆ ತವರಿನ ಹಿತ್ತಲು ನೆನಪಾಯಿತು. ಅಲ್ಲಿನ ನೆಲ್ಲಿ ಮರ ನಾನು ಹೈಸ್ಕೂಲಿನಲ್ಲಿದ್ದಾಗ ನೆಟ್ಟದ್ದು. ಆ ಮನೆ ಈಗ ಬೇರೆಯವರದು, ಕಾಯಿ ಅವರ ಮಕ್ಕಳ ಪಾಲು. ಮದುವೆಯಾಗಿ ಬರುವ ಹೆಣ್ಣು ಸೀರೆ, ಪಾತ್ರೆ ತರಬಹುದು, ಮರವನ್ನು ಹೊತ್ತು ತರಲಾದೀತೇ? ನಮ್ಮಲ್ಲಿ ಎಷ್ಟು ಹಿತ್ತಲುಗಳು ಹೀಗೆ ಬಿಟ್ಟುಬಂದವರ ಕೈಗುಣದಿಂದ ಹಸಿರಾಗಿವೆಯೋ!

ಮೇರಿ ಆನ್ ನೆಟ್ಟ ಮರ 1900ರ ಸುಮಾರಿಗೆ ಬಿರುಗಾಳಿಗೆ ಉರುಳಿ, ಬಿದ್ದಲ್ಲೇ ಚಿಗುರಿ ಮತ್ತೆ ಮರವಾಯಿತಂತೆ. ಜಗತ್ತಿನ ಎಲ್ಲ ಬ್ರಾಮ್ಲಿ ಮರಗಳೂ ಆ ಒಂದೇ ಮರದ ಕಡ್ಡಿಯಿಂದ ಬಂದ ಸಂತಾನ. ಇದನ್ನೆಲ್ಲ ಮಗಳಿಗೆ ಹೇಳಿ, ‘ತಿನ್ನುವವರು ಯಾರಾದರೂ ಆಗಲಿ, ನೆಟ್ಟವಳು ನೀನು’ ಎಂದೆ. ಅವಳು ಏನೂ ಅನ್ನಲಿಲ್ಲ. ಮೊಣಕಾಲೂರಿ ಕುಳಿತು ಬುಡದ ಮಣ್ಣನ್ನು ಎರಡೂ ಕೈಯಿಂದ ಒತ್ತಿದಳು.