ನವೆಂಬರ್ ಒಂದರ ನಂತರ ಡಿಸೆಂಬರ್ ಒಂದು

ಹೈದರಾಬಾದಿನಲ್ಲಿರುವ ಕನ್ನಡಿಗರಿಗೆ, ಅದರಲ್ಲೂ ಕಲಬುರಗಿ ಕಡೆಯಿಂದ ಬಂದ ನನ್ನಂಥವರಿಗೆ, ನೆನೆಯಲು ಎರಡು ದಿನಗಳಿವೆ. ಒಂದು ಸೆಪ್ಟೆಂಬರ್ 17. 1948ರ ಆ ದಿನ ನಿಜಾಮರ ಆಳ್ವಿಕೆ ಕೊನೆಗೊಂಡಿತು. ಕಲಬುರಗಿಯಲ್ಲಿ ಅದು ಕಲ್ಯಾಣ ಕರ್ನಾಟಕ ಉತ್ಸವ. ಇಲ್ಲಿ ಅದಕ್ಕೆ ಪಕ್ಷಕ್ಕೊಂದು ಹೆಸರು. ಇನ್ನೊಂದು ನವೆಂಬರ್ 1. 1956ರಲ್ಲಿ ಅಂದು ಹೈದರಾಬಾದ್ ರಾಜ್ಯವೇ ಇಲ್ಲವಾಯಿತು. ಬೀದರ್, ಕಲಬುರಗಿ, ರಾಯಚೂರು ಮೈಸೂರಿಗೆ ಬಂದವು. ಮರಾಠವಾಡ ಮುಂಬೈ ರಾಜ್ಯಕ್ಕೆ ಹೋಯಿತು. ತೆಲಂಗಾಣ ಆಂಧ್ರದ ಜೊತೆ ಸೇರಿತು. ನಮಗದು ಕೂಡಿದ ದಿನ. ಹಳೆಯ ಹೈದರಾಬಾದಿಗೆ ಮೂರು ಪಾಲಾದ ದಿನ.

ಅದಾಗಿ ಸರಿಯಾಗಿ ಒಂದು ತಿಂಗಳಿಗೆ, 1956ರ ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತದ ಫುಟ್‌ಬಾಲ್ ತಂಡ ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಆ ತಂಡವನ್ನು ಕಟ್ಟಿದವರು ಇದೇ ಊರಿನ ಮೇಷ್ಟ್ರು, ಸೈಯದ್ ಅಬ್ದುಲ್ ರಹೀಂ.

ರಹೀಂ ಅವರ ಜಾಡು ಹಿಡಿಯಲು ದೂರ ಹೋಗಬೇಕಿಲ್ಲ. ಬೆಂಗಳೂರಿನ ರೈಲು ಹತ್ತಲು ನಾವು ಹೋಗುವ ಕಾಚಿಗುಡದಲ್ಲೇ ಅವರು ಒಂದು ಕಾಲಕ್ಕೆ ಶಾಲಾ ಮಾಸ್ತರರಾಗಿದ್ದರು. ಕನ್ನಡಿಗರು ಕಟ್ಟಿದ ನೃಪತುಂಗ ಶಾಲೆ ಇರುವುದೂ ಇದೇ ಕಾಚಿಗುಡದಲ್ಲಿ. ಅಲ್ಲಿಂದ ಎಂಎಂಟಿಎಸ್ ಲೋಕಲ್ ಹತ್ತಿದರೆ ಕೆಲವೇ ನಿಲ್ದಾಣಗಳಾಚೆ ಆರ್ಟ್ಸ್ ಕಾಲೇಜು. ರಹೀಂ ಓದಿದ್ದು, ಕಾಲೇಜು ಹುಡುಗನಾಗಿ ಫುಟ್‌ಬಾಲ್ ಆಡಿದ್ದು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ. ಹಳೇ ಹೈದರಾಬಾದ್ ರಾಜ್ಯದ ಕನ್ನಡ, ತೆಲುಗು, ಮರಾಠಿ ಹುಡುಗರು ಉರ್ದುವಿನಲ್ಲಿ ಪಾಠ ಕೇಳಿದ ಜಾಗ ಅದು.

ಮುಂದೆ ರಹೀಂ ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನು ಪಳಗಿಸಿದರು. ಆ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ರೋವರ್ಸ್ ಕಪ್ ಗೆದ್ದಿತು. ಮೆಲ್ಬರ್ನಿಗೆ ಹೋದವರಲ್ಲಿ ಅಜೀಜುದ್ದೀನ್, ನೂರ್ ಮೊಹಮ್ಮದ್, ಜುಲ್ಫಿಕರುದ್ದೀನ್, ಸಿಕಂದರಾಬಾದಿನ ಅಮ್ಮುಗುಡದ ತುಳಸೀದಾಸ್ ಬಲರಾಮ್ ಇದ್ದರು. ಜೊತೆಗೆ ಮೈಸೂರು ರಾಜ್ಯದ ಕೆಂಪಯ್ಯ. ರಾಜ್ಯ ಮೂರು ಪಾಲಾದ ಹೊತ್ತಿನಲ್ಲೇ ಬೇರೆಬೇರೆ ಮನೆಮಾತಿನ ಈ ಹುಡುಗರು ಒಬ್ಬರಿಗೊಬ್ಬರು ಪಾಸ್ ಕೊಟ್ಟು ಆಡುತ್ತಿದ್ದರು.

ಸೆಮಿಫೈನಲ್‌ನಲ್ಲಿ ಯುಗೊಸ್ಲಾವಿಯಾ ವಿರುದ್ಧ ಮೊದಲ ಗೋಲು ನಮ್ಮದೇ. ಕೊನೆಗೆ 1-4ರಿಂದ ಸೋತೆವು. ಡಿಸೆಂಬರ್ 7ರಂದು ಬಲ್ಗೇರಿಯಾ 3-0ರಿಂದ ಗೆದ್ದು ಕಂಚು ಒಯ್ದಿತು. ನಮಗೆ ನಾಲ್ಕನೇ ಸ್ಥಾನ. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತ ಇಂದಿಗೂ ಅದಕ್ಕಿಂತ ಮೇಲೇರಿಲ್ಲ. 1962ರಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದಾಗ ರಹೀಂ ಕ್ಯಾನ್ಸರಿನಿಂದ ಬಳಲುತ್ತಿದ್ದರು. 1963ರ ಜೂನ್ 11ರಂದು ತೀರಿಕೊಂಡರು.

ಬಷೀರ್‌ಬಾಗ್ ಬಳಿಯ ಲಾಲ್ ಬಹದ್ದೂರ್ ಸ್ಟೇಡಿಯಮ್ಮಿನ ಹಳೆಯ ಹೆಸರು ಫತೇ ಮೈದಾನ, ಅಂದರೆ ಗೆಲುವಿನ ಬಯಲು. 1687ರಲ್ಲಿ ಗೋಲ್ಕೊಂಡ ಗೆದ್ದ ಔರಂಗಜೇಬನ ಸೈನ್ಯ ಅಲ್ಲಿ ಬೀಡುಬಿಟ್ಟಿದ್ದರಿಂದ ಬಂದ ಹೆಸರು. 2023ರ ಡಿಸೆಂಬರ್ 7ರಂದು ತೆಲಂಗಾಣದ ಈಗಿನ ಸರ್ಕಾರ ಪ್ರಮಾಣವಚನ ಸ್ವೀಕರಿಸಿದ್ದೂ ಅಲ್ಲೇ. ಕೋಟೆ ಗೆದ್ದದ್ದಕ್ಕೆ, ಚುನಾವಣೆ ಗೆದ್ದದ್ದಕ್ಕೆ ಆ ಬಯಲಿನಲ್ಲಿ ಗುರುತುಂಟು. ಮೆಲ್ಬರ್ನಿನ ಗೆಲುವಿಗೆ ಈ ಊರಿನಲ್ಲಿ ಒಂದು ಫ್ಲೆಕ್ಸನ್ನೂ ನಾನು ಕಂಡಿಲ್ಲ. ಅಜಯ್ ದೇವಗನ್ ನಟಿಸಿದ 'ಮೈದಾನ್' ಬಂದ ಮೇಲೆ ರಹೀಂ ಹೆಸರು ಆಫೀಸಿನ ಹುಡುಗರಿಗೆ ಗೊತ್ತಾಯಿತು. ಅವರು ನಮ್ಮೂರಿನವರೆಂದು ಕೇಳಿ ಹಲವರಿಗೆ ಅಚ್ಚರಿ.

ರಾಜ್ಯೋತ್ಸವ ಬೇಡವೆಂದು ನಾನು ಹೇಳುತ್ತಿಲ್ಲ. ನಾಡಗೀತೆ ಹಾಡುವಾಗ ನನ್ನ ಗಂಟಲೂ ಕಟ್ಟುತ್ತದೆ. ಆದರೆ ಗಡಿ ಬರೆದ ದಿನ ನೆನಪಿಟ್ಟಂತೆ, ಗಡಿಯ ಎರಡೂ ಕಡೆಯವರು ಕೂಡಿ ಆಡಿ ಗೆದ್ದ ದಿನವನ್ನೂ ನೆನೆಯಬಹುದಲ್ಲ? ನವೆಂಬರ್ ಪೂರ್ತಿ ಕಾರ್ಯಕ್ರಮ ನಡೆಸುವ ನಮ್ಮ ಸಂಘಗಳು ಇನ್ನೊಂದೇ ದಿನ ಮುಂದುವರಿದರೆ ಸಾಕು. ಭಾಷಣ ಬೇಡ. ಒಂದು ಬಯಲು, ಒಂದು ಚೆಂಡು, ಅಕ್ಕಪಕ್ಕದ ತೆಲುಗು, ಉರ್ದು, ಮರಾಠಿ ಮಕ್ಕಳು ಇದ್ದರಾಯಿತು.