ಜೋಳ, ಖಡಕ್ ರೊಟ್ಟಿ, ಪಲ್ಯ

ಉಪದೇಶ ಮಾಡುವುದು ಶಿಕ್ಷಕರಾದ ನಮಗೆ ಅಂಟಿದ ಚಟ. ಅದರ ಫಲವನ್ನು ಅನ್ಯರು ಉಣ್ಣಬೇಕಾಗಿ ಬಂದಾಗಲೇ ನಮ್ಮ ಕಣ್ಣು ತೆರೆಯುವುದು.

ಅಕ್ಕಲಕೋಟದಲ್ಲಿ ನಮ್ಮ ಕೈಯಲ್ಲಿ ಕಲಿತ ಹುಡುಗನೊಬ್ಬನು ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಲೇಥ್ ಮೊದಲಾದ ಯಂತ್ರಗಳನ್ನಿಟ್ಟು, ಚಾದರ, ಟವೆಲ್ಲುಗಳನ್ನು ನೇಯುವ ಮಗ್ಗಗಳಿಗೆ ಬುಷ್ಷು, ಗೇರುಗಳನ್ನು ಮಾಡಿಕೊಡುತ್ತಿದ್ದನು. ಒಂದು ಭಾಗವನ್ನು ಬಿಟ್ಟು ಇನ್ನೊಂದಕ್ಕೆ ಯಂತ್ರವನ್ನು ಹೊಂದಿಸುವುದರಲ್ಲಿಯೇ ಅರ್ಧ ದಿನ ಹೋಗುವುದೆಂದು ಅವನು ಒಮ್ಮೆ ಹೇಳಿಕೊಂಡಾಗ, “ಹಾಗಾದರೆ ಒಮ್ಮೆಗೇ ನಾಲ್ಕುನೂರು ಗೇರು ಮಾಡಿಡಪ್ಪ” ಎಂದುಬಿಟ್ಟೆವು.

ಮಾಡಿಟ್ಟನು. ಅಷ್ಟರಲ್ಲಿ ಅವನ ದೊಡ್ಡ ಗಿರಾಕಿಯು ಹಳೆಯ ಮಗ್ಗಗಳನ್ನು ಮಾರಿ, ಲಾಳಿಯಿಲ್ಲದ ಹೊಸ ಮಗ್ಗಗಳನ್ನು ತಂದನು. ಗೇರುಗಳು ಮೂಲೆ ಸೇರಿದವು. “ಗುರುಗಳೆ, ರೊಕ್ಕೆಲ್ಲಾ ಕಬ್ಬಿಣಾಗಿ ಕುಂತದರಿ” ಎಂದು ಅವನು ನಿಟ್ಟುಸಿರುಗರೆದನು. ಇಬ್ಬರು ಕೆಲಸಗಾರರನ್ನು ಬಿಡಿಸುವ ಪ್ರಸಂಗ ಬಂದಿದ್ದಿತು.

ಅಂದು ರಾತ್ರಿ ನಮ್ಮ ಮನೆಯವರು ಈ ಕಥೆಯನ್ನು ಕೇಳಿ, “ಜೋಳಾ ವರ್ಷಕ್ಕಾಗೂವಷ್ಟು ತುಂಬತೀವಿ, ಖಡಕ್ ರೊಟ್ಟಿ ಎಂಟು ದಿನಕ್ಕಾಗೂವಷ್ಟು ಬಡೀತೀವಿ, ಪಲ್ಯಾ ಯಾರರೆ ಮಾಡಿ ತುಂಬಿಡತಾರೇನು?” ಎಂದರು. ನಮಗೆ ನಾಚಿಕೆಯಾಯಿತು.

1913ರಲ್ಲಿಯೇ ಅಮೇರಿಕೆಯ ಫೋರ್ಡ್ ಹ್ಯಾರಿಸ್ ಎಂಬವನು, ಒಮ್ಮೆಗೆ ಎಷ್ಟು ಭಾಗಗಳನ್ನು ಮಾಡಬೇಕೆಂಬುದನ್ನು ಗಣಿತದಿಂದ ತೋರಿಸಿದ್ದನು. ಯಂತ್ರ ಹೊಂದಿಸುವ ಖರ್ಚು ಒಂದು ತಟ್ಟೆಯಲ್ಲಿ, ಸರಕನ್ನು ಕೂಡಿಡುವ ಖರ್ಚು ಇನ್ನೊಂದರಲ್ಲಿ, ಎರಡನ್ನೂ ತೂಗಬೇಕು. ನಾವು ನೋಡಿದ್ದು ಒಂದೇ ತಟ್ಟೆಯನ್ನು. ಅಲ್ಲದೆ, ಬೇಡಿಕೆ ಒಂದೇ ಸಮನಾಗಿರುವಲ್ಲಿ ಮಾತ್ರ ಆ ಲೆಕ್ಕ ನಿಲ್ಲುವುದು.

ಮರುವಾರ ನಾವಿಬ್ಬರೂ ಕುಳಿತು ಭಾಗಗಳನ್ನು ವಿಂಗಡಿಸಿದೆವು. ಎಲ್ಲ ಮಗ್ಗಗಳಿಗೂ ಬೇಕಾಗುವ ಉಕ್ಕಿನ ಸರಳುಗಳು ಜೋಳದಂತೆ, ಅವು ಸಂಗ್ರಹದಲ್ಲಿರಲಿ. ಬುಷ್ಷುಗಳು ಖಡಕ್ ರೊಟ್ಟಿಯಂತೆ. ಅವು ದಿನಕ್ಕೆ 12 ಬೇಕು. ಹೊಸದಾಗಿ ಮಾಡಲು 5 ದಿನ ಹಿಡಿಯುವುದು. ಅಂದರೆ 60, ಆಪತ್ತಿಗೆಂದು ಇನ್ನು 20. ಈ 80ನ್ನು ಬೇರೊಂದು ಪೆಟ್ಟಿಗೆಯಲ್ಲಿಟ್ಟು, ಮೊದಲ ಪೆಟ್ಟಿಗೆ ಬರಿದಾದೊಡನೆ ಯಂತ್ರವನ್ನು ಹೂಡಬೇಕು. ಜಪಾನದ ಟೊಯೋಟಾ ಕಾರಖಾನೆಯಲ್ಲಿ ತೈಇಚಿ ಓನೋ ಬೆಳೆಸಿದ ‘ಕಾನ್‌ಬಾನ್’ ಚೀಟಿಯ ತತ್ತ್ವವೂ ಇಂಥದೇ: ಖರ್ಚಾದಷ್ಟನ್ನೇ ಮತ್ತೆ ಮಾಡುವುದು. ಇನ್ನು ಮಗ್ಗಕ್ಕೊಂದು ಬಗೆಯ ಗೇರುಗಳು ಪಲ್ಯದಂತೆ; ಗಿರಾಕಿ ಕೇಳಿದ ಮೇಲೆಯೇ ಅವುಗಳಿಗೆ ಕೈಹಚ್ಚಬೇಕು.

ಗೇರುಗಳು ಗುಜರಿಗೆ ಹೋದವು, ಕೆಲಸಗಾರರಿಬ್ಬರೂ ಉಳಿದರು. ಒಂದು ಗೇರನ್ನು ನಾವು ಬೇಡಿ ತಂದು ತರಗತಿಯ ಮೇಜಿನ ಮೇಲೆ ಇಟ್ಟಿದ್ದೇವೆ. ಗಣಿತವು ಯಾವ ಉಪಯೋಗಕ್ಕೆಂದು ಮಕ್ಕಳು ಕೇಳಿದಾಗ ಅದನ್ನು ಎತ್ತಿ ತೋರಿಸುತ್ತೇವೆ. ನಮ್ಮ ತಪ್ಪನ್ನೂ ಮುಚ್ಚಿಡದೆ ಹೇಳುತ್ತೇವೆ.